ಗೋಡೆ ಬದಲಿಸುವುದಿದ್ದರೆ ಪಾಯಕ್ಕೂ ಮೊದಲೇ ಬದಲಿಸಿ

ಪುಣೆಯಲ್ಲಿ ಕಾಲಂ-ಬೀಮ್ ಮನೆ ಕಟ್ಟಿಸುತ್ತಿರುವವರಿಗೆ: ವ್ಯಾಲ್ಯೂ ಎಂಜಿನಿಯರಿಂಗ್ ಅಂದರೆ ಅಗ್ಗದ ಸಾಮಾನು ತುಂಬುವುದಲ್ಲ, ಅದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಆಗಿಸುವುದು. ಈ ಗೋಡೆಯ ಕೆಲಸವೇನು ಅಂತ ಮೊದಲು ಕೇಳಿ. ಭಾರ ಹೊರುವುದು ಕಾಲಂ, ಗೋಡೆ ಬರೀ ಮರೆ. 3 ಮೀಟರ್ ಎತ್ತರದ, 230 ಮಿ.ಮೀ. ದಪ್ಪದ ಇಟ್ಟಿಗೆ ಗೋಡೆ ಮೀಟರ್ ಉದ್ದಕ್ಕೆ ಸುಮಾರು 1,300 ಕೆಜಿ ತೂಗುತ್ತದೆ. 200 ಮಿ.ಮೀ. ದಪ್ಪದ ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕಿನದು (ಪ್ಲಾಸ್ಟರ್ ಬಿಟ್ಟು) 400ರ ಆಸುಪಾಸು. ಆದರೆ ಕಬ್ಬಿಣ, ಕಾಂಕ್ರೀಟ್ ಉಳಿಯಬೇಕಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಈ ಹಗುರ ತೂಕವನ್ನೇ ಹಿಡಿದು ಡಿಸೈನ್ ಮಾಡಬೇಕು. ಪಾಯ ಮುಗಿದ ಮೇಲೆ ಬದಲಿಸಿದರೆ ಆ ಉಳಿತಾಯ ಹೋಯಿತು.

ಕಾಲಂ-ಬ್ಲಾಕ್ ಕೂಡುವಲ್ಲಿ ಫೈಬರ್ ಮೆಶ್ (ನಾರಿನ ಜಾಲರಿ) ತಪ್ಪಿಸಬೇಡಿ, ಪ್ಲಾಸ್ಟರ್ ಬಿರುಕು ಬಿಡುವುದು ಅಲ್ಲೇ. ಮಳೆಗಾಲದಲ್ಲಿ ಬ್ಲಾಕುಗಳಿಗೆ ತಾಡಪತ್ರಿ ಹೊದಿಸಿ. ನೆನೆದ ಬ್ಲಾಕ್ ಕಟ್ಟಿದರೆ ಒಣಗುವಾಗ ಕುಗ್ಗಿ ಸೀಳುತ್ತದೆ.