ಬಿಂದಿ ಚುಕ್ಕೆಯಿಂದ ಐಎನ್‌ಆರ್ ಹಿಡಿತಕ್ಕೆ ಬಂತು: ನನ್ನ ಅನುಭವ

ರೋಗಿಗಳು ರಕ್ತ ತೆಳು ಮಾಡುವ ಮಾತ್ರೆ ತಪ್ಪಿಸದಿರಲಿ ಅಂತ ನಾನು ಬಿಂದಿ ಪ್ಯಾಕೆಟ್ ಹಿಡಿದು ಓಪಿಡಿಗೆ ಬಂದ ದಿನ ನಮ್ಮ ಸೀನಿಯರ್ ಸಿಸ್ಟರ್ ನಕ್ಕುಬಿಟ್ಟರು. ಡಾಕ್ಟರೊಬ್ಬರು "ಇದೆಲ್ಲ ಎರಡು ತಿಂಗಳ ಆಟ" ಅಂದರು. ಇದು ನಡೆದು ನಾಲ್ಕು ವರ್ಷ ಆಯಿತು. ಈಗ ಹೃದಯಕ್ಕೆ ವಾಲ್ವ್ ಹಾಕಿಸಿಕೊಂಡ ಹೊಸ ರೋಗಿ ಬಂದರೆ ಅದೇ ಡಾಕ್ಟರು ಮೊದಲು ನನ್ನ ಟೇಬಲ್‌ಗೆ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೆಟಲ್ ವಾಲ್ವ್ ಹಾಕಿಸಿಕೊಂಡವರ ಫಾಲೋಅಪ್ ನನ್ನ ಪಾಲಿನ ಕೆಲಸ. ಹೆಚ್ಚಿನವರು ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದವರು. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ರೈತರು, ಕೂಲಿಯವರು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಬಾವು ಬಂದು ವಾಲ್ವ್ ಕೆಟ್ಟವರೇ ಜಾಸ್ತಿ. ಮೈಟ್ರಲ್ ಜಾಗದಲ್ಲಿ, ಅಂದರೆ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವೆ, ವಾಲ್ವ್ ಹಾಕಿಸಿಕೊಂಡವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಅಂಕಿ) 2.5ರಿಂದ 3.5ರೊಳಗೆ ಇರಬೇಕು. ಹೊಸ ಕಾಲದ ರಕ್ತ ತೆಳು ಮಾಡುವ ಮಾತ್ರೆಗಳು ಮೆಟಲ್ ವಾಲ್ವ್‌ಗೆ ಆಗುವುದಿಲ್ಲ. ಹಾಗಾಗಿ ಹಳೆಯ ಮಾತ್ರೆಗಳೇ: ವಾರ್ಫರಿನ್, ಇಲ್ಲವಾದರೆ ಅಸಿಟ್ರೋಮ್. ನರ್ಸಿಂಗ್ ಕೆಲಸದವರಿಗೆಲ್ಲ ಗೊತ್ತಿರುವುದೇ.

ಶುರುವಿನಲ್ಲಿ ನನ್ನ ಹತ್ತಿರ ಇದ್ದವರು ಸುಮಾರು 40 ಮಂದಿ. ಯಾವ ತಿಂಗಳು ನೋಡಿದರೂ ಹದಿಮೂರು, ಹದಿನಾಲ್ಕು ಜನ ಮಾತ್ರ ರೇಂಜಿನಲ್ಲಿ. ಉಳಿದವರದು 1.4, ಇಲ್ಲವೇ 5. ನಾವು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆವು: "ಸೊಪ್ಪು ತಿನ್ನಬೇಡಿ."

ಈ ಮಾತೇ ತಪ್ಪು ಅಂತ ನನಗೆ ಅರ್ಥವಾಗಲು ಒಂದು ಬೇಸಿಗೆ, ಒಂದು ಮಳೆಗಾಲ ಬೇಕಾಯಿತು. ಜಗಳೂರು ಕಡೆಯವರ ರಿಪೋರ್ಟುಗಳನ್ನು ತಿಂಗಳ ಪ್ರಕಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಏಪ್ರಿಲ್, ಮೇನಲ್ಲಿ ಐಎನ್‌ಆರ್ ಮೇಲೆ. ಮಳೆ ಬಿದ್ದ ಮೇಲೆ ಕೆಳಗೆ. ಬೇಸಿಗೆಯಲ್ಲಿ ಅಲ್ಲಿ ಸೊಪ್ಪೇ ಸಿಗುವುದಿಲ್ಲ. ಮಳೆ ಬಂದರೆ ಹೊಲದಲ್ಲಿ ಸಿಗುವ ಸೊಪ್ಪೆಲ್ಲ ಪಲ್ಯ, ಹಕ್ಕರಿಕೆ ಹಸಿಯಾಗೇ ರೊಟ್ಟಿ ಜೊತೆಗೆ. ನಾವು ಬೇಡ ಅಂದರೂ ತಿನ್ನುತ್ತಾರೆ, ಕೇಳಿದರೆ ಇಲ್ಲ ಅನ್ನುತ್ತಾರೆ. ಯಾಕೆ ಅನ್ನಬಾರದು? ಬೈಯುತ್ತೇವೆ ಅಂತ ಗೊತ್ತಲ್ವಾ!

ಆಮೇಲೆ ನಾನು ಮಾತು ಬದಲಾಯಿಸಿದೆ. "ಸೊಪ್ಪು ತಿನ್ನಿ. ಆದರೆ ವಾರಕ್ಕೆ ಮೂರು ದಿನ, ಬೇಯಿಸಿದ್ದು ಒಂದು ಸೌಟು. ಹನ್ನೆರಡು ತಿಂಗಳೂ ಇಷ್ಟೇ." ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗಳ ಕೆಲಸ ತಗ್ಗಿಸುತ್ತದೆ. ಅದು ಒಂದೇ ಮಟ್ಟದಲ್ಲಿ ಹೋಗುತ್ತಿದ್ದರೆ ಡೋಸನ್ನು ಅದಕ್ಕೆ ಹೊಂದಿಸಬಹುದು. ಒಂದು ವಾರ ಬರಿ ರೊಟ್ಟಿ ಚಟ್ನಿ, ಇನ್ನೊಂದು ವಾರ ಬುಟ್ಟಿ ತುಂಬ ಸೊಪ್ಪು ಅಂದರೆ ಯಾವ ಡೋಸೂ ನಿಲ್ಲುವುದಿಲ್ಲ.

ಇಷ್ಟರಿಂದ ಅರ್ಧ ಕೆಲಸ ಆಯಿತು. ಇನ್ನರ್ಧ ಮಾತ್ರೆಯದು. ಒಂದು ದಿನ 3 ಮಿಲಿಗ್ರಾಂ, ಮರುದಿನ 4 ಅಂತ ಚೀಟಿಯಲ್ಲಿ ಬರೆದುಕೊಟ್ಟರೆ ಓದಲು ಬಾರದವರು ಏನು ಮಾಡಬೇಕು? ಓದುವವರಿಗೂ ನಿನ್ನೆ ಯಾವುದು ನುಂಗಿದೆ ಅಂತ ನೆನಪಿರುವುದಿಲ್ಲ. ಅಸಿಟ್ರೋಮ್‌ನವರದು ಇನ್ನೂ ಕಷ್ಟ. ಅದು ಮೈಯಿಂದ ಬೇಗ ಹೋಗುತ್ತದೆ, ಎರಡು ದಿನ ತಪ್ಪಿದರೆ ಸಾಕು.

ಅಲ್ಲಿಗೆ ಬಂತು ಬಿಂದಿ. ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಡುವ ದೊಡ್ಡ ಕ್ಯಾಲೆಂಡರ್ ತಗೊಂಡೆ. ಕೆಂಪು ಬಿಂದಿ ಅಂದರೆ 3, ಹಸಿರು ಅಂದರೆ 4. ತಿಂಗಳ ಚುಕ್ಕೆಗಳನ್ನೆಲ್ಲ ನಾನೇ ಮೊದಲೇ ಅಂಟಿಸಿ ಕೊಡುತ್ತೇನೆ. ರಾತ್ರಿ ಮಾತ್ರೆ ನುಂಗಿದ ಮೇಲೆ ಆ ದಿನದ ಚುಕ್ಕೆ ಕೀಳಬೇಕು. ಚುಕ್ಕೆ ಉಳಿದಿದ್ದರೆ ಮಾತ್ರೆ ಉಳಿದಿದೆ ಅಂತ ಅರ್ಥ.

ಮೊದಲ ಎರಡು ತಿಂಗಳು ಪೂರಾ ಸೋತೆ. ಚನ್ನಗಿರಿ ಕಡೆಯ ಒಬ್ಬ ಅಜ್ಜನ ಮೊಮ್ಮಗ ಒಂದೇ ಸಲಕ್ಕೆ ಆರು ಚುಕ್ಕೆ ಕಿತ್ತು ಹಣೆ ತುಂಬ ಅಂಟಿಸಿಕೊಂಡಿದ್ದ. ಚುಕ್ಕೆ ಇಲ್ಲ, ಅಂದರೆ ನುಂಗಿ ಆಗಿದೆ ಅಂತ ಅಜ್ಜ ಆರು ದಿನ ಮಾತ್ರೆಯನ್ನೇ ತಗೊಳ್ಳಲಿಲ್ಲ. ಐಎನ್‌ಆರ್ 1.2. ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿದ್ದರೆ ಏನು ಗತಿ ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೊಬ್ಬರು ಗಂಡ ತೀರಿಕೊಂಡ ಹಿರಿಯರು. ಬಿಂದಿ ನೋಡಿ ಮುಖ ಚಿಕ್ಕದು ಮಾಡಿಕೊಂಡರು. ಕ್ಯಾಲೆಂಡರ್ ತಗೊಳ್ಳದೇ ಹೋದರು. ನಾನು ಅದನ್ನು ಮೊದಲೇ ಯೋಚಿಸಬೇಕಿತ್ತು. ಮುಂದಿನ ಸಲ ಅವರಿಗೆ ಸ್ಟೇಷನರಿ ಅಂಗಡಿಯ ದುಂಡು ಸ್ಟಿಕ್ಕರ್ ಹಾಕಿಕೊಟ್ಟೆ. ಈಗ ಎಲ್ಲರಿಗೂ ಅದನ್ನೇ ಹಾಕುತ್ತೇನೆ. ಆದರೆ ಎಲ್ಲರ ಬಾಯಲ್ಲೂ "ಬಿಂದಿ ಕ್ಯಾಲೆಂಡರ್" ಅಂತಲೇ ಉಳಿದಿದೆ.

ಮೊಮ್ಮಗನ ಕಾಟಕ್ಕೆ ಸಿಕ್ಕ ದಾರಿಯಿಂದಲೇ ಇಡೀ ಪದ್ಧತಿ ಗಟ್ಟಿಯಾಯಿತು. ಕಿತ್ತ ಚುಕ್ಕೆಯನ್ನು ಎಸೆಯಬಾರದು. ಮಾತ್ರೆ ತೆಗೆದ ಸ್ಟ್ರಿಪ್ಪಿನ ಆ ಖಾಲಿ ಗುಳಿಯ ಮೇಲೇ ಅಂಟಿಸಬೇಕು. ಖಾಲಿ ಸ್ಟ್ರಿಪ್ ಮತ್ತು ಕ್ಯಾಲೆಂಡರ್ ಎರಡನ್ನೂ ನನ್ನ ಹತ್ತಿರ ತರಬೇಕು. 1 ಮಿಲಿಗ್ರಾಂ ಸ್ಟ್ರಿಪ್ ಬದಲು 2 ಮಿಲಿಗ್ರಾಂ ಬಂದಿದ್ದರೆ ಅದೂ ಅಲ್ಲೇ ಸಿಗುತ್ತದೆ. ಈ ಥರ ಮೂರು ನಾಲ್ಕು ಸಲ ಹಿಡಿದಿದ್ದೇನೆ.

ಕ್ಯಾಲೆಂಡರ್ ನೋಡುವಾಗ ಟೆಸ್ಟಿಗೆ ಹಿಂದಿನ ನಾಲ್ಕೈದು ದಿನ ಮುಖ್ಯ. ನಿನ್ನೆಯ ಮಾತ್ರೆ ಇವತ್ತಿನ ರಿಪೋರ್ಟಿನಲ್ಲಿ ಕಾಣುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಏಳನೇ ಫ್ಯಾಕ್ಟರ್ ಆರು ಗಂಟೆಯಲ್ಲಿ ಅರ್ಧ ಆಗುತ್ತದೆ, ಆದರೆ ಎರಡನೇ ಫ್ಯಾಕ್ಟರ್‌ಗೆ ಎರಡು ದಿನಕ್ಕೂ ಜಾಸ್ತಿ ಬೇಕು. ಒಬ್ಬ ಹುಡುಗ ವಾರವೆಲ್ಲ ಮರೆತು, ಪರೀಕ್ಷೆಗೆ ಓದಿದ ಹಾಗೆ ಹಿಂದಿನ ರಾತ್ರಿ ಎರಡು ಪಟ್ಟು ನುಂಗಿ ಬಂದಿದ್ದ. ರಿಪೋರ್ಟ್ ಕಡಿಮೆಯೇ ಇತ್ತು. ಅದನ್ನು ನೋಡಿ ಡೋಸ್ ಏರಿಸಿದರು. ಮೂರನೇ ದಿನ ವಸಡಿನಲ್ಲಿ ರಕ್ತ. ಆಗ ಅವನ ಚುಕ್ಕೆ ಇದ್ದಿದ್ದರೆ ಡಾಕ್ಟರಿಗೆ ಗೊತ್ತಾಗುತ್ತಿತ್ತು. ಡೋಸ್ ಬದಲಿಸುವುದು ಅವರೇ, ನಾನಲ್ಲ. ಆದರೆ ಹೊಟ್ಟೆಗೆ ನಿಜವಾಗಿ ಏನು ಹೋಗಿದೆ ಅಂತ ತೋರಿಸುವುದು ನನ್ನ ಕೆಲಸ.

ಲ್ಯಾಬಿನ ಕಡೆಯಿಂದಲೂ ಒಂದು ಪೆಟ್ಟು ತಿಂದೆ. ಹೊನ್ನಾಳಿ ಕಡೆಯ ಒಬ್ಬರ ಚುಕ್ಕೆ ಎಲ್ಲ ಸರಿ, ಸ್ಟ್ರಿಪ್ ಸರಿ, ಐಎನ್‌ಆರ್ ಮಾತ್ರ 5.2. "ನೋಡಿ ನಿಮ್ಮ ಬಿಂದಿ" ಅಂದರು ಎಲ್ಲರೂ. ಎರಡು ದಿನ ಮಾತ್ರೆ ನಿಲ್ಲಿಸಿದರು. ನನಗೆ ಸಮಾಧಾನ ಆಗಲಿಲ್ಲ. ಹುಡುಕಿದಾಗ ಟೆಸ್ಟಿಗೆ ರಕ್ತ ತುಂಬುವ ನೀಲಿ ಟ್ಯೂಬ್ ಗೆರೆಯವರೆಗೆ ತುಂಬಿರಲಿಲ್ಲ ಅಂತ ಗೊತ್ತಾಯಿತು. ರಕ್ತ ಹೆಪ್ಪುಗಟ್ಟದ ಹಾಗೆ ಟ್ಯೂಬಿನಲ್ಲಿ ಮೊದಲೇ ಇರುವ 0.3 ಮಿಲಿ ಸಿಟ್ರೇಟ್‌ಗೆ 2.7 ಮಿಲಿ ರಕ್ತ ಬೇಕು. ರಕ್ತ ಕಡಿಮೆ ಬಿದ್ದರೆ ಸಿಟ್ರೇಟ್ ಜಾಸ್ತಿಯಾಗಿ ಐಎನ್‌ಆರ್ ಸುಮ್ನೆ ಏರುತ್ತದೆ. ಅಂದಿನಿಂದ ನನ್ನ ರೋಗಿಗಳ ಟ್ಯೂಬನ್ನು ನಾನೇ ತುಂಬುತ್ತೇನೆ. ಯಾರ ಹತ್ತಿರವೂ ಬಿಡುವುದಿಲ್ಲ.

ದುಡ್ಡಿನ ಮಾತು. ಮೊದಲ ವರ್ಷ ಕೈಯಿಂದ ಸುಮಾರು 2,000 ರೂಪಾಯಿ ಹೋಯಿತು, ಸ್ಟಿಕ್ಕರ್, ಗಮ್, ಫೈಲ್ ಅಂತ. ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ರೋಗಿಯ ಲೆಕ್ಕ ನೋಡಿ. ಟೆಸ್ಟಿಗೆ 250-300, ಇಬ್ಬರ ಬಸ್ ಚಾರ್ಜು, ಊಟ, ಒಂದು ದಿನದ ಕೂಲಿ. ಒಂದು ಸಲ ಬಂದು ಹೋದರೆ ಹತ್ತಿರ ಹತ್ತಿರ ಸಾವಿರ. ಮೊದಲು ತಿಂಗಳಿಗೆ ಎರಡು ಸಲ ಬರುತ್ತಿದ್ದವರು ಈಗ ಸ್ಥಿರವಾದ ಮೇಲೆ ತಿಂಗಳಿಗೊಮ್ಮೆ, ಕೆಲವರು ಆರು ವಾರಕ್ಕೊಮ್ಮೆ ಬರುತ್ತಾರೆ. ನಡುವೆ ಬೆರಳು ಚುಚ್ಚಿ ನೋಡುವ ಮೀಟರ್ ಕೂಡ ಪ್ರಯತ್ನ ಮಾಡಿದೆವು. ಒಂದು ಸ್ಟ್ರಿಪ್ಪಿಗೇ ಲ್ಯಾಬ್ ಟೆಸ್ಟಿಗಿಂತ ಜಾಸ್ತಿ ಬಿತ್ತು. ಬಿಟ್ಟೆವು.

ಇದೇ ಚುಕ್ಕೆಯನ್ನು ಕೊಲೆಸ್ಟ್ರಾಲ್ ಮಾತ್ರೆಯವರಿಗೂ ಹಾಕಿ ನೋಡಿದೆ. ಹನ್ನೆರಡು ಜನರಲ್ಲಿ ನಾಲ್ವರು ಉಳಿದರು. ರಿಪೋರ್ಟ್ ನಾರ್ಮಲ್ ಬಂದ ಕೂಡಲೇ ಮಿಕ್ಕ ಎಂಟು ಜನ ಅಟೊರ್ವಾಸ್ಟಾಟಿನ್ ನಿಲ್ಲಿಸಿದರು. "ಬೆಣ್ಣೆ ದೋಸೆ ಬಿಟ್ಟಿದ್ದೀನಲ್ಲ ಸಿಸ್ಟರ್" ಅಂತಾರೆ. ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸುತ್ತದೆ, ದೋಸೆ ಬಿಟ್ಟರೂ ಅದು ನಿಲ್ಲುವುದಿಲ್ಲ ಅಂತ ಎಷ್ಟು ಹೇಳಿದರೂ ಕಷ್ಟ. ಅದು ನನಗೆ ಇನ್ನೂ ಒಲಿದಿಲ್ಲ.

ಪೆನಿಡ್ಯೂರ್ (ಪೆನಿಸಿಲಿನ್ ಸೂಜಿ) ಹಾಕಿಸಿಕೊಳ್ಳುವ ಮಕ್ಕಳ ವಿಷಯದಲ್ಲಿ ಮಾತ್ರ ಗೆದ್ದೆ. ಗಂಟಲಿನ ಸ್ಟ್ರೆಪ್ ಬ್ಯಾಕ್ಟೀರಿಯಾ ಮೇಲೆ ಹೋರಾಡಲು ಹುಟ್ಟಿದ ಆಂಟಿಬಾಡಿ ಮಗುವಿನದೇ ವಾಲ್ವನ್ನು ತಿನ್ನುತ್ತದೆ. ಆ ಸೋಂಕು ಮತ್ತೆ ಬರದ ಹಾಗೆ 21 ದಿನಕ್ಕೊಂದು ಸೂಜಿ. ತಾರೀಕು ಹೇಳಿದರೆ ತಾಯಂದಿರು ಮರೆಯುತ್ತಿದ್ದರು. 21 ದಿನ ಅಂದರೆ ಸರಿಯಾಗಿ ಮೂರು ವಾರ, ವಾರದ ದಿನ ಬದಲಾಗುವುದೇ ಇಲ್ಲ. "ನಿಮ್ಮೂರ ಸಂತೆ ದಿನ ಶುರು ಮಾಡೋಣ, ಪ್ರತಿ ಮೂರನೇ ಸಂತೆಗೆ ಸೂಜಿ" ಅಂದೆ. ಹತ್ತು ಮಕ್ಕಳಲ್ಲಿ ಒಂದೋ ಎರಡೋ ಈಗ ತಪ್ಪಿಸುತ್ತವೆ. ಮೊದಲು ಅರ್ಧಕ್ಕರ್ಧ ತಪ್ಪುತ್ತಿತ್ತು.

ವಾಲ್ವಿನವರು ಈಗ 55 ಮಂದಿ ಆಗಿದ್ದಾರೆ. ಕಳೆದ ತಿಂಗಳು ಅವರಲ್ಲಿ 38 ಅಥವಾ 39 ಜನ ರೇಂಜಿನಲ್ಲಿದ್ದರು. ತಪ್ಪಿದವರಲ್ಲಿ ಇಬ್ಬರದು ಮೆಡಿಕಲ್ ಶಾಪಿನ ಮಾತ್ರೆ. ಭೇದಿಗೆ ಅಂತ ಮೆಟ್ರೋನಿಡಜೋಲ್ ತಗೊಂಡ ಒಬ್ಬರದು 7 ದಾಟಿತ್ತು. ಅದಕ್ಕಾಗಿ ಕ್ಯಾಲೆಂಡರಿನ ಮೇಲ್ಗಡೆ ನನ್ನ ನಂಬರ್ ದಪ್ಪಗೆ ಬರೆದು, "ಬೇರೆ ಯಾವ ಮಾತ್ರೆಗೂ, ಸೊಂಟಕ್ಕೆ ಸೂಜಿಗೂ ಮೊದಲು ಫೋನ್ ಮಾಡಿ" ಅಂತ ಹೇಳಿ ಕಳಿಸುತ್ತೇನೆ.

ಮೊದಲ ದಿನ ರೋಗಿಗೆ ನಾನು ಕೇಳುವ ಮೂರು ಪ್ರಶ್ನೆಗಳಿವೆ. ಅವುಗಳಿಂದಲೇ ಯಾರು ಚುಕ್ಕೆ ಸುಳ್ಳು ಕೀಳುತ್ತಾರೆ ಅಂತ ತಿಳಿಯುತ್ತದೆ. ಅವನ್ನು ಇಲ್ಲಿ ಬರೆದರೆ ರೋಗಿಗಳ ಮನೆಯ ಓದುವ ಮಕ್ಕಳಿಗೂ ತಲುಪುತ್ತದೆ, ಅದಕ್ಕೆ ಬರೆಯುತ್ತಿಲ್ಲ. ನರ್ಸಿಂಗ್ ಕೆಲಸದವರು ಯಾರಾದರೂ ಓಪಿಡಿಗೆ ಬಂದರೆ ಕೂರಿಸಿಕೊಂಡು ತೋರಿಸುತ್ತೇನೆ.

ಗೊಬ್ಬರದ ಅಂಗಡಿಯವರು ಈ ಸಲ 60 ಕ್ಯಾಲೆಂಡರ್ ಕೊಡುತ್ತೇನೆ ಅಂದಿದ್ದಾರೆ. ದೇವರ ಫೋಟೋ ಚಿಕ್ಕದಾದರೂ ಪರವಾಗಿಲ್ಲ, ತಾರೀಕಿನ ಚೌಕ ದೊಡ್ಡದಿರಲಿ ಅಂತ ಹೇಳಿ ಬಂದಿದ್ದೇನೆ.