ಮೊಮ್ಮಕ್ಕಳ ಜೊತೆ ‘ಮೇರಿ ಪಾಪಿನ್ಸ್’ ನೋಡುವುದು ಹೇಗೆ

1964ರ ಈ ಸಿನಿಮಾ 2 ಗಂಟೆ 19 ನಿಮಿಷ ಇದೆ. ಒಂದೇ ಸಲಕ್ಕೆ ತೋರಿಸಬೇಡಿ. ಕುವೆಂಪುನಗರದ ನಮ್ಮ ಮನೆಯಲ್ಲಿ ಶನಿವಾರ ಸ್ವಲ್ಪ, ಭಾನುವಾರ ಉಳಿದದ್ದು.

ಮೊದಲು ಕಥೆಯನ್ನು ಕನ್ನಡದಲ್ಲೇ ಹೇಳಿ. 1910ರ ಲಂಡನ್, ಬ್ಯಾಂಕಿನದೇ ಚಿಂತೆಯ ಅಪ್ಪ, ಇಬ್ಬರು ಮಕ್ಕಳು, ಕೊಡೆ ಹಿಡಿದು ಗಾಳಿಯಲ್ಲಿ ತೇಲಿ ಬರುವ ದಾದಿ. ಇಷ್ಟು ಸಾಕು. ಸಬ್‌ಟೈಟಲ್ ಓದು ಅಂತ ಪುಟ್ಟ ಮಕ್ಕಳನ್ನು ಸುಮ್ನೆ ಕಾಡಬೇಡಿ. ದಾದಿಯ ಪಾತ್ರ ಮಾಡಿರುವ ಜೂಲಿ ಆಂಡ್ರೂಸ್ ಮುಖ ನೋಡಿದರೇ ಮುಕ್ಕಾಲು ಅರ್ಥವಾಗುತ್ತದೆ.

ಹಕ್ಕಿಗಳಿಗೆ ಹಾಕಲು ಬ್ರೆಡ್ ಚೂರು ಮಾರುವ ಅಜ್ಜಿಯ ಹಾಡು ಬಂದಾಗ ಮಾತ್ರ ಯಾರೂ ಮಾತಾಡಬಾರದು. ನನಗೆ ಇಡೀ ಸಿನಿಮಾದಲ್ಲಿ ಅದೇ ಜಾಸ್ತಿ ಇಷ್ಟ. ಪ್ರತಿ ಸಲವೂ ಕಣ್ಣು ತುಂಬುತ್ತದೆ. ಶನಿವಾರ ಅಲ್ಲಿಗೇ ನಿಲ್ಲಿಸಿ. ಆ ಮನೆಯ ಹುಡುಗ ಮೈಕೆಲ್ ಹತ್ತಿರ ಇರುವ ಎರಡು ಪೆನ್ನಿ ಕಾಸು ಹಕ್ಕಿಗೋ, ಅಪ್ಪನ ಬ್ಯಾಂಕಿಗೋ ಅಂತ ಮಕ್ಕಳನ್ನು ಕೇಳಿ. ಅರಮನೆ ಮುಂದೆ ಪಾರಿವಾಳಗಳನ್ನು ನೋಡಿರುವ ನನ್ನ ಮೊಮ್ಮಗಳು, “ಹಕ್ಕಿಗೇ ಅಜ್ಜಿ, ಇನ್ಯಾರಿಗೆ?” ಅಂದಳು.

ಕೊನೆಯಲ್ಲಿ ಅಪ್ಪ ಗಾಳಿಪಟ ಸರಿಮಾಡಿ ತರುತ್ತಾರೆ. ಅದನ್ನು ನೋಡಿದ ಮಕ್ಕಳು ಸುಮ್ಮನಿರುತ್ತಾರಾ? ತೆಳು ಕಾಗದ, ಪೊರಕೆ ಕಡ್ಡಿ, ಮೈದಾ ಅಂಟು ಮೊದಲೇ ತೆಗೆದಿಡಿ. ಹಳೇ ಸೀರೆಯ ಚೂರು ಬಾಲಂಗೋಚಿಗೆ ಆಗುತ್ತದೆ. ಹತ್ತಿ ದಾರ ಸಾಕು, ಗಾಜಿನ ಮಾಂಜಾ ಬೇಡವೇ ಬೇಡ. ಆಷಾಢವಾದರೆ ಗಾಳಿಗೆ ಕಾಯಬೇಕಿಲ್ಲ, ಸಂಜೆಯೇ ಮೈದಾನಕ್ಕೆ ಹೊರಡಿ.