ಕಿತ್ತಳೆ ಹಾರಿಹೋದ ಮೇಲಿನ ಅರ್ಧ ಗಂಟೆ
ಎರಡು ವರ್ಷದಿಂದ ಮನೆಯಲ್ಲೇ ಪರ್ಫ್ಯೂಮ್ ಬೆರೆಸುತ್ತಿದ್ದೇನೆ. ನನ್ನನ್ನು ಜಾಸ್ತಿ ಕಾಡಿದ್ದು ಅಂಬರ್. ಕಿತ್ತಳೆ ಸಿಪ್ಪೆ ಸುಲಿದ ಹಾಗೆ ಶುರುವಾಗಬೇಕು, ಸಂಜೆ ಹೊತ್ತಿಗೆ ಮೈಮೇಲೆ ಬೆಚ್ಚಗೆ ಉಳಿಯಬೇಕು. ಇಷ್ಟೇ ನನ್ನ ಆಸೆ.

ಪರ್ಫ್ಯೂಮ್‌ನವರ ಅಂಬರ್ ತಿಮಿಂಗಿಲದಿಂದ ಬಂದದ್ದಲ್ಲ, ಆಭರಣಕ್ಕೆ ಹಾಕುವ ಹಳದಿ ಕಲ್ಲೂ ಅಲ್ಲ. ಅದೊಂದು ಬೆರಕೆ. ಲ್ಯಾಬ್ಡನಮ್, ಬೆಂಜೋಯಿನ್, ವೆನಿಲ್ಲಾ ಪರಿಮಳ ಕೊಡುವ ವೆನಿಲಿನ್ ಸೇರಿದರೆ ಅಂಬರ್. ಬೆಂಜೋಯಿನ್ ನಮಗೆ ಹೊಸದೇನಲ್ಲ, ಸಾಂಬ್ರಾಣಿ ಅಂತ ಕರೆಯುತ್ತೇವಲ್ಲ, ಅದೇ. ಕೆಂಡದ ಮೇಲೆ ಹಾಕುವ ಮುಂಚೆ ಮೂಸಿ ನೋಡಿ, ಸಿಹಿ ಗೊತ್ತಾಗುತ್ತದೆ. ಲ್ಯಾಬ್ಡನಮ್ ಮಾತ್ರ ದೂರದ್ದು, ಮೆಡಿಟರೇನಿಯನ್ ತೀರದ ಸಿಸ್ಟಸ್ ಪೊದೆಯ ಅಂಟು. ಶೀಶೆ ತೆರೆದರೆ ಜೋನಿ ಬೆಲ್ಲದ ಹಾಗೆ ಕಪ್ಪಗಿರುತ್ತದೆ, ಕಡ್ಡಿ ಎತ್ತಿದರೆ ಎಳೆ ಎಳೆಯಾಗಿ ಜಗ್ಗುತ್ತದೆ. ಬಿಸಿನೀರಿನ ಬಟ್ಟಲಲ್ಲಿ ಶೀಶೆ ಇಟ್ಟು ಸಡಿಲ ಮಾಡಿಕೊಂಡೇ ತೂಕ ಮಾಡಬೇಕು.

ಮೊದಲ ಸಲ 8 ಗ್ರಾಂ ಆಲ್ಕೋಹಾಲ್‌ಗೆ 2 ಗ್ರಾಂ ಬೆರಕೆ ಹಾಕಿದೆ. ಅದರಲ್ಲಿ ಅರ್ಧ ಕಿತ್ತಳೆ ಎಣ್ಣೆ ಮತ್ತು ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ ಎಣ್ಣೆ, ಇನ್ನರ್ಧ ಅಂಬರ್. ಕಾಗದದ ಪಟ್ಟಿಯ ಮೇಲೆ ತುಂಬಾ ಚೆನ್ನಾಗಿತ್ತು. ಮಣಿಕಟ್ಟಿಗೆ ಹಚ್ಚಿದಾಗ ಬೇರೆಯೇ ಕಥೆ. ಹತ್ತು ನಿಮಿಷ ಕಿತ್ತಳೆ ಘಮಘಮ. ಇಪ್ಪತ್ತೈದಕ್ಕೆಲ್ಲ ಅದು ಹೊರಟೇ ಹೋಯಿತು. ಅಂಬರ್ ಇನ್ನೂ ಎದ್ದಿರಲಿಲ್ಲ. ನಡುವೆ ಅರ್ಧ ಗಂಟೆ ಮಂಕಾದ ಔಷಧಿ ವಾಸನೆ. ಅಮ್ಮ ಕೈ ಹಿಡಿದು ಮೂಸಿ, "ಏನೋ ಇದು, ಕಷಾಯ ಚೆಲ್ಕೊಂಡ್ಯಾ?" ಅಂದರು.

ಕಾರಣ ಸರಳ. ಕಿತ್ತಳೆ ಎಣ್ಣೆಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಇರುವುದು ಲಿಮೊನೀನ್. ತುಂಬಾ ಹಗುರ, ಮೈ ಶಾಖಕ್ಕೆ ಬೇಗ ಆರಿಹೋಗುತ್ತದೆ. ವೆನಿಲಿನ್, ರಾಳ ಎಲ್ಲ ನಿಧಾನ. ಒಂದು ಹೋಗಿ ಇನ್ನೊಂದು ಬರುವ ತನಕ ಕೈ ಹಿಡಿದು ದಾಟಿಸುವವರು ಯಾರೂ ಇರಲಿಲ್ಲ.

ಮೊದಲು ಕಿತ್ತಳೆಯನ್ನೇ ಜಾಸ್ತಿ ಮಾಡಿ ನೋಡಿದೆ. ಏನೂ ಉಪಯೋಗವಾಗಲಿಲ್ಲ, ಬರೀ ಆ ಹತ್ತು ನಿಮಿಷ ಜೋರಾಯಿತು. ಆಮೇಲೆ ಕಿತ್ತಳೆ, ಬರ್ಗಮಾಟ್ ಎರಡೂ ಸೇರಿ 0.8 ಗ್ರಾಂಗೆ ಇಳಿಸಿದೆ. ಉಳಿದ ಜಾಗದಲ್ಲಿ ಪೆಟಿಗ್ರೇನ್ 0.15, ಏಲಕ್ಕಿ ಎಣ್ಣೆ 0.05. ಪೆಟಿಗ್ರೇನ್ ತೆಗೆಯುವುದು ಕಹಿ ಕಿತ್ತಳೆ ಗಿಡದ ಎಲೆ, ಎಳೆ ಕಡ್ಡಿಗಳಿಂದ. ಹಣ್ಣಿನ ನೆನಪೂ ಇರುತ್ತದೆ, ಅಷ್ಟು ಬೇಗ ಓಡುವುದೂ ಇಲ್ಲ. ಏಲಕ್ಕಿ ಒಂದು ಹನಿ ಜಾಸ್ತಿಯಾದರೂ ಪಾಯಸ ಆಗಿಬಿಡುತ್ತದೆ, ಹುಷಾರು. 1925ರಲ್ಲಿ ಪ್ಯಾರಿಸ್‌ನ ಪ್ರದರ್ಶನಕ್ಕೆ ಬಂದ ಗೆರ್ಲಾನ್ ಕಂಪನಿಯ ಶಾಲಿಮಾರ್ ಪರ್ಫ್ಯೂಮ್ ಕೂಡ ಮೇಲೆ ಧಾರಾಳ ಬರ್ಗಮಾಟ್, ಕೆಳಗೆ ವೆನಿಲ್ಲಾ ಇಟ್ಟುಕೊಂಡದ್ದೇ. ಅದನ್ನು ಹಚ್ಚಿಕೊಂಡು ಕೂತಾಗಲೆಲ್ಲ ನಾನು ಗಮನಿಸುವುದು ನಡುವಿನ ದಾಟುವಿಕೆಯನ್ನೇ.

ಬರ್ಗಮಾಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿಪ್ಪೆ ಹಿಂಡಿ ತೆಗೆದ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅನ್ನುವ ರಾಸಾಯನಿಕ ಇರುತ್ತದೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಆಗಬಹುದು. ಬರ್ಗಾಪ್ಟೆನ್ ತೆಗೆದ ಎಣ್ಣೆಯನ್ನೇ ಕೇಳಿ ತಗೊಳ್ಳಿ.

ಬೆರೆಸಿದ್ದನ್ನು ಮೂರು ವಾರ ಕಪಾಟಿನಲ್ಲಿ ಇಟ್ಟೆ. ಸ್ನಾನ ಆದ ಮೇಲೆ ವಾಸನೆ ಇಲ್ಲದ ಕ್ರೀಮ್ ಸ್ವಲ್ಪ ಸವರಿ, ಮೊಣಕೈ ಒಳಮಡಿಕೆಗೆ ಹಚ್ಚಿದೆ. ಉಜ್ಜಲಿಲ್ಲ. ಒಣ ಚರ್ಮಕ್ಕೆ ಸುಮ್ನೆ ಹಚ್ಚಿದರೆ ನನ್ನ ಮೈಮೇಲೆ ಬೇಗ ಹೋಗುತ್ತದೆ. ಈ ಸಲ ಅರ್ಧ ಗಂಟೆಗೆ ಹಸಿರು ಎಲೆಯ ಕಹಿ, ಅದರ ಹಿಂದೆ ಏಲಕ್ಕಿ. ಒಂದೂವರೆ ಗಂಟೆಗೆ ಲ್ಯಾಬ್ಡನಮ್ ಎದ್ದಿತು, ಒಣದ್ರಾಕ್ಷಿ, ಚರ್ಮದ ಚೀಲ ಎರಡೂ ಸೇರಿದ ಹಾಗೆ. ರಾತ್ರಿ ಹತ್ತಕ್ಕೆ ಕೈ ಮಡಚಿ ಮೂಸಿದೆ. ವೆನಿಲ್ಲಾ, ಸಾಂಬ್ರಾಣಿ, ಮತ್ತೆ ನನ್ನ ಮೈ ವಾಸನೆ.